ಎರಡನೇ ಸಲ ನೋಡಬಾರದ ಹಡಗು

ಫೆಬ್ರವರಿ 6

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಟ್ಟರೆ ನೀನು ಕೊನೆಯ ಸಾಲಿಗೆ ಹಾರದೆ ನಿಧಾನವಾಗಿ ಓದುತ್ತೀಯ.

ಕುರ್ಚಿ, ಮೇಜು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಅಂಗಡಿಯ ಹಿಂದೆಯೇ ನನ್ನ ಕೋಣೆ. ಕಿಟಕಿ ತೆರೆದರೆ ಎದುರಿಗೆ ಗೋಡೆ, ಗೋಡೆಯ ಮೇಲೊಂದು ನೀರಿನ ಪೈಪು, ಅಷ್ಟೆ. ಸಮುದ್ರದ ಸದ್ದಿಲ್ಲದೆ ಮೊದಮೊದಲು ಕಿವಿಯಲ್ಲಿ ಹತ್ತಿ ತುಂಬಿಕೊಂಡ ಹಾಗಿತ್ತು. ಈಗ ಮೇಸ್ತ್ರಿಯ ಗರಗಸದ ಸದ್ದಿಗೆ ಒಗ್ಗಿಕೊಂಡಿದ್ದೇನೆ. ಅಲುಗಾಡುವ ಕುರ್ಚಿಯ ಕಾಲು ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ, ಒಣಗುವ ತನಕ ಹಗ್ಗ ಸುತ್ತಿ ಬಿಗಿಯುವುದು ನನ್ನ ಕೆಲಸ. "ಗಂಟು ಚೆನ್ನಾಗ್ ಹಾಕ್ತೀಯ ಕಣಯ್ಯಾ, ಎಲ್ಲಿ ಕಲ್ತೆ?" ಎಂದು ಮೇಸ್ತ್ರಿ ಕೇಳಿದರು. ದೋಣಿಯಲ್ಲಿ ಎಂದು ಹೇಳಲಿಲ್ಲ. "ಮನೇಲಿ" ಎಂದೆ.

ಹೇಳದೆ ಬಂದದ್ದಕ್ಕೆ ಅಪ್ಪನಿಗೆ ಸಿಟ್ಟಿರಬಹುದು. ಕಾರಣವನ್ನು ನಿನಗೊಬ್ಬಳಿಗೆ ಬರೆಯುತ್ತೇನೆ. ನಗಬೇಡ.

ನಾನು ಆ ಹಡಗು ನೋಡಿದೆ. ಕಡಲ ನಡುವಿನ ಮರಳು ದಿಬ್ಬದ ಮೇಲೆ.

ಅಪ್ಪ ದೋಣಿಯ ಹಿಂಬದಿಯಲ್ಲಿ ನನಗೆ ಬೆನ್ನು ಹಾಕಿ ದಿಬ್ಬದ ಗುರುತಿನ ಕಂಬಗಳಿಗೆ ಬಟ್ಟೆ ಕಟ್ಟುತ್ತಿದ್ದರು. ನಾನು ಮುಂದೆ ನಿಂತು ಸೀಸದ ಗುಂಡು ಇಳಿಸಿ ಆಳ ನೋಡುತ್ತಿದ್ದೆ. ಮಂಜು ಸ್ವಲ್ಪ ಸರಿಯಿತು. ಅಲ್ಲಿ ನಿಂತಿತ್ತು. ಚಿಕ್ಕಂದಿನಿಂದ ನಮಗೆ ಹೇಳಿಕೊಟ್ಟ ಹಾಗೆ ತಕ್ಷಣ ತಲೆ ತಗ್ಗಿಸಿದೆ. ಆದರೆ ಅಕ್ಕಾ, ತಗ್ಗಿಸಿದ ತಲೆಯನ್ನು ಮತ್ತೆ ಎತ್ತಿದೆ. ಎರಡನೇ ಸಲ ನೋಡಿದೆ.

ಎದುರುಮನೆ ಅಜ್ಜಿ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ಒಂದು ಸಲ ಕಂಡರೆ ಎಚ್ಚರಿಕೆ, ಎರಡನೇ ಸಲ ನೋಡಿದರೆ ಕರೆ. ಎರಡು ಸಲ ನೋಡಿದವನ ದೋಣಿಯನ್ನು ದಿಬ್ಬ ವರ್ಷ ತುಂಬುವುದರೊಳಗೆ ನುಂಗುತ್ತದೆ. ನಾನೇ ದೋಣಿಯಿಂದ ಇಳಿದುಬಿಟ್ಟರೆ ಅದು ನನ್ನ ದೋಣಿಯಾಗಿ ಉಳಿಯುವುದಿಲ್ಲವಲ್ಲ ಎಂದು ಯೋಚಿಸಿ ಬಂದೆ. ಆದರೂ ಧೈರ್ಯ ಸಾಲದು. ಈ ವರ್ಷ ಕಳೆಯುವ ತನಕ ಅಪ್ಪ ದಿಬ್ಬದ ಕಡೆ ಹೋಗದ ಹಾಗೆ ನೋಡಿಕೋ. ಏನಾದರೂ ನೆಪ ಹೇಳು. ನೆಪ ಹೇಳುವುದರಲ್ಲಿ ನಿನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ನಿನ್ನ ತಮ್ಮ


ಫೆಬ್ರವರಿ 15

ಲೋ ಮರಿ,

ನಗಬೇಡ ಎಂದು ಬರೆದಿದ್ದೀಯ, ಅದಕ್ಕೇ ನಕ್ಕೆ. ಆಮೇಲೆ ಏನಾಯಿತು ಎಂದು ಬರೆಯುವುದಿಲ್ಲ, ನಿನಗೆ ಜಂಬ ಬರುತ್ತದೆ.

ಯಾವಳೋ ಹುಡುಗಿಯ ಹಿಂದೆ ಹೋದ ಎಂದು ನಿನ್ನ ಭಾವ ಹೇಳುತ್ತಿದ್ದಾರೆ. ಅಪ್ಪನ ಜೊತೆ ಜಗಳವಾಡಿಕೊಂಡು ಹೋದ ಎಂದು ಬೀದಿಯವರು. ಹಡಗಿಗೆ ಹೆದರಿ ಓಡಿದ ಎನ್ನುವುದಕ್ಕಿಂತ ಹುಡುಗಿಯೇ ಮೇಲು ಎಂದು ನಾನೂ ಸುಮ್ಮನಿದ್ದೇನೆ. ಬರುವಾಗ ಒಬ್ಬಳನ್ನು ಹುಡುಕಿಕೊಂಡು ಬಾ, ನನ್ನ ಮಾನ ಉಳಿಯುತ್ತದೆ.

ಅಪ್ಪ ದಡದಲ್ಲೇ ಇದ್ದಾರೆ. ಮೊಣಕಾಲು ನೋವಿಗೆ ನೀರು ಆಗಿಬರುವುದಿಲ್ಲ ಎಂದು ನಾನೇ ಹಠ ಹಿಡಿದು ಕೂರಿಸಿದ್ದೇನೆ. ಅಂಗಳದಲ್ಲಿ ಕೂತು ಕಂಬಗಳಿಗೆ ಟಾರು ಬಳಿಯುತ್ತಾರೆ, ಹೋಗಿಬರುವವರನ್ನೆಲ್ಲ ಬೈಯುತ್ತಾರೆ. ನಿನ್ನ ಭಾವ ಎಂದಿನಂತೆ ಹಗ್ಗದ ಅಂಗಡಿಯಲ್ಲಿ. ಗಿರಾಕಿಗಳಿಗೆ ಕಟ್ಟು ಕಟ್ಟಿ ಕೊಡುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಅವರ ಗಂಟು ಇದೆಯಲ್ಲ, ಅದರ ಬಗ್ಗೆ ಇನ್ನೂ ಅಷ್ಟೇ ಹೆಮ್ಮೆ. ಆದ್ದರಿಂದ ನೀನು ನಿಶ್ಚಿಂತೆಯಿಂದ ಅಂಟು ಹಚ್ಚು.

ಒಂದು ಮಾತು ಕೇಳುತ್ತೇನೆ. ಎದುರುಮನೆ ಅಜ್ಜಿಯ ಕಥೆಯಲ್ಲಿ ಆ ಹಡಗಿನ ತುಂಬ ಮದುವೆ ದಿಬ್ಬಣ. ಮೂಲೆಮನೆಯವರ ಕಥೆಯಲ್ಲಿ ಬರೀ ಉಪ್ಪಿನ ಮೂಟೆ. ಬಲೆ ಹೆಣೆಯುವ ಹೆಂಗಸರ ಕಥೆಯಲ್ಲಿ ಹಡಗಿನ ಯಜಮಾನ ದಿಬ್ಬದ ಜೊತೆ ಪಂಥ ಕಟ್ಟಿ ಸೋತವನು, ಈಗಲೂ ಮಂಜಿನಲ್ಲಿ ಗಂಟೆ ಬಾರಿಸುತ್ತಾನೆ. ಹಾಯಿ ಕೆಂಪು ಎನ್ನುವವರಿದ್ದಾರೆ, ಕಪ್ಪು ಎನ್ನುವವರಿದ್ದಾರೆ. ಎಲ್ಲರೂ ಒಂದೇ ಸಲ ನೋಡಿ ಗೋಣು ಬಗ್ಗಿಸಿದವರು. ಎರಡು ಸಲ ನೋಡಿದವನು ನನಗೆ ಗೊತ್ತಿರುವವರಲ್ಲಿ ನೀನೊಬ್ಬನೇ. ಏನು ಕಂಡೆ? ಕಥೆ ಕಟ್ಟದೆ, ಕಂಡದ್ದನ್ನು ಕಂಡ ಹಾಗೆ ಬರೆ.

ಅಕ್ಕ


ಫೆಬ್ರವರಿ 24

ಅಕ್ಕಾ,

ಅಪ್ಪ ಅಂಗಳದಲ್ಲಿ ಕೂತು ಬೈಯುತ್ತಿದ್ದಾರೆ ಎಂದು ಓದಿ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಆ ದಿನ ಊಟ ಸೇರಿತು. ನಿನ್ನ ನೆಪಕ್ಕೆ ನಮಸ್ಕಾರ.

ಮೇಸ್ತ್ರಿ ಒಳ್ಳೆಯವರು. ಬೈಗುಳವನ್ನು ಮಾತ್ರ ಉದಾರವಾಗಿ ಹಂಚುತ್ತಾರೆ. "ಕುರ್ಚಿಗೆ ನಾಲ್ಕು ಕಾಲು, ಅದ್ರಲ್ಲಿ ಒಂದು ಯಾವಾಗ್ಲೂ ಸೋಮಾರಿ. ನಿನ್ ಹಾಗೆ" ಎನ್ನುತ್ತಾರೆ. ರಜೆಯ ದಿನ ನಾನು ಬಸ್ ನಿಲ್ದಾಣದ ತನಕ ಸುಮ್ಮನೆ ನಡೆದು ಹೋಗಿ ಬರುತ್ತೇನೆ. ಕಾಲಿಗೆ ಒಳ್ಳೆಯದು.

ನೀನು ಕೇಳಿದ್ದಕ್ಕೆ ಬರೆಯುತ್ತೇನೆ, ಇನ್ನು ಮೇಲೆ ಕೇಳಬೇಡ. ಹಾಯಿ ಇರಲಿಲ್ಲ. ಗಂಟೆ ಕೇಳಲಿಲ್ಲ. ಹಡಗಿನ ಕಂಬಗಳು ಎರಡು. ಒಂದು ಮುರಿದು ಮೊಂಡಾದದ್ದು. ಇನ್ನೊಂದು ಉದ್ದ, ನಮ್ಮ ದಡದ ಕಡೆಗೆ ಬಾಗಿತ್ತು. ಕೆಳಗೆ ಹಡಗಿನ ಮೈ ಇತ್ತೋ ಇಲ್ಲವೋ, ಮಂಜಿನಲ್ಲಿ ಕಾಣಲಿಲ್ಲ. ಉದ್ದನೆಯ ಕಂಬಕ್ಕೆ ಒಂದು ಅಡ್ಡಮರ. ಅದರ ಮೇಲೆ ಸಾಲಾಗಿ ನೀರುಕಾಗೆಗಳು ರೆಕ್ಕೆ ಬಿಚ್ಚಿಕೊಂಡು ಕೂತಿದ್ದವು. ನನಗೆ ಹೆಚ್ಚು ಹೆದರಿಕೆಯಾದದ್ದು ಅದನ್ನು ಕಂಡೇ. ಕಪ್ಪು ಬಟ್ಟೆ ಹೊದ್ದವರು ನನ್ನ ಕಡೆ ತೋಳು ಚಾಚಿದ ಹಾಗಿತ್ತು.

ತಮ್ಮ


ಮಾರ್ಚ್ 5

ಮರಿ,

ದೆವ್ವದ ಮೇಲೆ ಹಕ್ಕಿ ಕೂರುತ್ತದೆಯೇನೋ?

ನಿನ್ನ ಕಾಗದವನ್ನು ನಿಂತುಕೊಂಡೇ ಓದುತ್ತಿದ್ದವಳು ಹಕ್ಕಿಯ ಸಾಲು ಬಂದ ಕೂಡಲೇ ಕೂತುಬಿಟ್ಟೆ. ನೀರುಕಾಗೆಗೆ ರೆಕ್ಕೆ ಒಣಗಿಸಿಕೊಳ್ಳಲು ಗಟ್ಟಿಯಾದದ್ದು ಏನಾದರೂ ಬೇಕು. ಹೊಗೆಯ ಮೇಲೆ, ಮಂಜಿನ ಮೇಲೆ ಅದು ಕೂರುವುದಿಲ್ಲ. ನಾನು ಈ ಭಾಗವನ್ನು ಮಾತ್ರ ಅಪ್ಪನಿಗೆ ಓದಿ ಹೇಳಿದೆ. ಕೋಪ ಮಾಡಿಕೊಳ್ಳಬೇಡ. ಅಪ್ಪ ಟಾರಿನ ಬ್ರಷ್ಷು ಕೆಳಗಿಟ್ಟು, "ಹಕ್ಕಿ ಕೂತಿದ್ವಂತಾ?" ಎಂದರು. ಹೌದು ಎಂದೆ. ಮತ್ತೆ, "ಕೂತೇ ಇದ್ವಂತಾ? ಹಾರಾಡ್ತಿರ್ಲಿಲ್ವಂತಾ?" ಎಂದರು. ಆಮೇಲೆ, "ದಿಬ್ಬ ಮಗ್ಗುಲು ಬದಲಾಯ್ಸಿದೆ. ಆ ತುದೀಲಿ ಮರಳು ಜಾರಿದೆ" ಎಂದು ತಮಗೆ ತಾವೇ ಹೇಳಿಕೊಂಡರು. ನೀನು ಯಾಕೆ ಹೋದೆ ಎಂದು ಅವರು ಕೇಳಲಿಲ್ಲ. ಅರ್ಥವಾಯಿತು ಎಂದು ಕಾಣುತ್ತದೆ.

ಕಾಲಿಗೆ ಒಳ್ಳೆಯದಂತೆ! ಬಸ್ ನಿಲ್ದಾಣಕ್ಕೆ ಹೋಗಿ ಹೋಗಿ ಬರುವ ಬದಲು ಒಂದು ಸಲ ಬಸ್ಸನ್ನೇ ಹತ್ತಿದ್ದರೆ ಇಷ್ಟು ಹೊತ್ತಿಗೆ ಮನೆಗೆ ಬಂದಿರುತ್ತಿದ್ದೆ.

ಇನ್ನೂ ಬರೆಯಬೇಕಿತ್ತು. ನಿನ್ನ ಭಾವನ ಅಂಗೈ ಬೊಬ್ಬೆಗೆ ಎಣ್ಣೆ ಹಚ್ಚಿಕೊಡಬೇಕು, ಮಗುವಿಗಿಂತ ಹೆಚ್ಚು ರಾಗ ಎಳೆಯುತ್ತಾರೆ. ಅಪ್ಪನ ಪ್ಯಾಂಟು ಬೇರೆ ಮೊಣಕಾಲ ತನಕ ಉಪ್ಪುಗಟ್ಟಿದೆ, ಬಿಸಿಲಿರುವಾಗಲೇ ಒಗೆದು ಹಾಕಬೇಕು.

ಅಕ್ಕ


ಮಾರ್ಚ್ 12

ಅಕ್ಕಾ,

ಅಂಗಳದಲ್ಲಿ ಕೂತು ಟಾರು ಬಳಿಯುವವರ ಪ್ಯಾಂಟಿಗೆ ಉಪ್ಪು ಎಲ್ಲಿಂದ ಬಂತು? ಅಂಗಡಿಯಲ್ಲಿ ಕೂರುವ ಭಾವನ ಅಂಗೈಗೆ ಬೊಬ್ಬೆ ಎಲ್ಲಿಂದ ಬಂತು?

ಅಪ್ಪ ಒಂದು ದಿನವೂ ದಡದಲ್ಲಿ ಕೂತಿಲ್ಲ. ನನ್ನ ಜಾಗದಲ್ಲಿ ಭಾವನನ್ನು ನಿಲ್ಲಿಸಿದ್ದೀರಿ. ನಾನು ಇಲ್ಲಿ ಎಲ್ಲ ಸರಿಯಾಗಿದೆ ಎಂದು ಹೊಟ್ಟೆ ತುಂಬ ಉಂಡು ಕುರ್ಚಿ ಬಿಗಿಯುತ್ತಿದ್ದೇನೆ. ಹಕ್ಕಿಯ ಮಾತು ಯಾಕೆ ಹೇಳಿದೆ? ಈಗ ಅಪ್ಪ ಅದನ್ನು ಹುಡುಕಿಕೊಂಡೇ ಹೋಗುತ್ತಾರೆ. ನಿನಗೆ ಅಪ್ಪ ಗೊತ್ತಿಲ್ಲವೇ?

ಭಾವನಿಗೆ ಈಜು ಬರುತ್ತದೆಯೇ? ಬೇರೇನೂ ಬೇಡ, ಅಷ್ಟು ಬರೆ.

ತಮ್ಮ


ಮಾರ್ಚ್ 23

ಅಕ್ಕಾ,

ನಿನ್ನ ಉತ್ತರ ಬರಲಿಲ್ಲ. ಅಂಚೆಯವರನ್ನು ದಿನಾ ಬಾಗಿಲಲ್ಲೇ ಹಿಡಿಯುತ್ತಿದ್ದೇನೆ. "ಬಂದ್ರೆ ಕೊಡ್ದೆ ಇರ್ತೀನೇನಪ್ಪಾ? ನಿನ್ ಕಾಗ್ದ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?" ಎಂದು ಇವತ್ತು ಅವರಿಗೂ ರೇಗಿತು.

ಅಂಟು ಒಣಗುವ ಮೊದಲೇ ಒಂದು ಕುರ್ಚಿಯ ಕಟ್ಟು ಬಿಚ್ಚಿಬಿಟ್ಟೆ. ಮೇಸ್ತ್ರಿ ಬೈಯಲಿಲ್ಲ. ಅವರು ಬೈಯದಿದ್ದರೆ ನನ್ನ ಮುಖ ಹೇಗಿರಬೇಕು ನೋಡು.

ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ವಾರ ಕಾಯುತ್ತೇನೆ, ಆಮೇಲೆ ಬಸ್ಸು ಹತ್ತುತ್ತೇನೆ. ಯಾರಿಗಾದರೂ ಏನಾದರೂ ಆಗಿದ್ದರೆ ಕಾಗದದಲ್ಲಿ ಬರೆಯಬೇಡ. ನಾನು ಬಂದ ಮೇಲೆ ಎದುರಿಗೆ ಕೂತು ಹೇಳು.

ತಮ್ಮ


ಮಾರ್ಚ್ 24

ಮರಿ,

ಎಲ್ಲರೂ ಇದ್ದಾರೆ. ಅಪ್ಪ ಇದ್ದಾರೆ. ನಿನ್ನ ಭಾವ ಇದ್ದಾರೆ. ದೋಣಿಯೂ ಇದೆ. ಮೊದಲೇ ಬರೆದಿದ್ದೇನೆ, ಇನ್ನು ನಿಧಾನವಾಗಿ ಓದು.

ಭಾವನಿಗೆ ಈಜು ಬರುತ್ತದೆಯೇ ಎಂದು ಕೇಳಿದ್ದೆ. ಬರುವುದಿಲ್ಲ. ಅದಕ್ಕೇ ತಕ್ಷಣ ಉತ್ತರ ಬರೆಯಲಾಗಲಿಲ್ಲ.

ನಾನು ಸುಳ್ಳು ಹೇಳಿದೆ, ನಿಜ. ನೀನು ಅಷ್ಟು ದೂರ ಕೂತು ಹೆದರುವುದು ಬೇಡ ಎಂದು ಹೇಳಿದೆ. ದಿಬ್ಬ ಸರಿದಾಗಲೆಲ್ಲ ಗುರುತಿನ ಕಂಬ ಕಿತ್ತು ಬೇರೆ ಕಡೆ ನೆಡಬೇಕು, ಇಲ್ಲದಿದ್ದರೆ ಮೀನಿನ ದೋಣಿಗಳೆಲ್ಲ ಹೋಗಿ ಅದಕ್ಕೇ ಬಡಿಯುತ್ತವೆ. ಆ ಕೆಲಸ ನಿನ್ನ ಹಡಗಿಗಾಗಿ ಒಂದು ವರ್ಷ ಕಾಯುತ್ತದೆಯೇ? ಅಪ್ಪನ ಜೊತೆಗೆ ಯಾರೂ ಸಿಗಲಿಲ್ಲ. ನಿನ್ನ ಭಾವ ಅಂಗಡಿಗೆ ಬೀಗ ಹಾಕಿ, "ಮಾವ ಒಬ್ರೇ ಹೋಗೋದು ಬೇಡ" ಎಂದು ದೋಣಿ ಹತ್ತಿದರು. ಅವರಿಗೆ ನೀರು ಕಂಡರೆ ಭಯ ಎಂದು ಮದುವೆಯಾದಾಗಿನಿಂದ ನನಗೆ ಗೊತ್ತು.

ಹಕ್ಕಿಯ ಮಾತು ಕೇಳಿದ ಮೇಲೆ ಅಪ್ಪನಿಗೆ ಒಂದೇ ಹಠ. "ಅದು ಮರ ಅಂತ ಕೈಯಲ್ಲಿ ಮುಟ್ಟಿ ನೋಡ್ಕೊಂಡ್ ಬರ್ತೀನಿ. ಆಮೇಲೆ ಅವ್ನಿಗೆ ಬರಿ. ಮನೆಗ್ ಬರ್ಲಿ." ನೀನು ಬರೆದದ್ದು ಸರಿ, ನನಗೆ ಅಪ್ಪ ಗೊತ್ತಿರಬೇಕಿತ್ತು.

ಹೋದ ವಾರ, ಬೆಳಗಿನ ಇಳಿತದಲ್ಲಿ ಇಬ್ಬರೂ ಹೊರಟರು. ನೀರು ಪೂರ್ತಿ ಇಳಿದಾಗ ದಿಬ್ಬದ ಮೇಲೆ ಇಳಿದಿದ್ದಾರೆ. ಅಪ್ಪ ಕೋಲಿನಿಂದ ಮರಳು ಚುಚ್ಚಿ ನೋಡುತ್ತ ಮುಂದೆ ಹೋದರು. ನಿನ್ನ ಭಾವ ಲಂಗರು ಹೂತು, ಅದರ ಹಗ್ಗವನ್ನು ದೋಣಿಗೆ ಕಟ್ಟಿ, ಹಿಂದೆ ಹೋದರು. ಮಂಜು ಮುಸುಕಿತು. ಹಡಗು ಸಿಗಲಿಲ್ಲ, ನೀರು ಏರತೊಡಗಿತು, ವಾಪಸು ಬಂದು ನೋಡಿದರೆ ಲಂಗರು ಹೂತ ಜಾಗದಲ್ಲೇ ಇದೆ, ಹಗ್ಗ ಮರಳ ಮೇಲೆ ಬಿದ್ದಿದೆ, ದೋಣಿ ಇಲ್ಲ.

"ಯಾವ್ ಗಂಟು ಹಾಕ್ದೆ?" ಎಂದು ಅಪ್ಪ ಕೇಳಿದರಂತೆ.

"ನಮ್ಮ ಅಂಗಡಿ ಗಂಟು, ಮಾವ."

ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು! ಜೀವಮಾನವೆಲ್ಲ ಗಿರಾಕಿಗಳಿಗೆ ಕಟ್ಟಿಕೊಟ್ಟ ಕೈ, ಅಲ್ಲೂ ಅದನ್ನೇ ಕಟ್ಟಿದೆ. ಅಪ್ಪ ಬೈಯಲಿಲ್ಲವಂತೆ. "ಗಿರಾಕಿ ಎಳ್ಕೊಂಡ್ ಹೋದ, ಬಿಡು" ಎಂದರಂತೆ.

ನೀರು ಮೊಣಕಾಲು ದಾಟಿತು. ದಡ ಯಾವ ಕಡೆ ಎಂದು ತಿಳಿಯದು. ಆಗ ಅಪ್ಪ ಭಾವನ ಬಾಯಿಗೆ ಕೈ ಅಡ್ಡ ಹಿಡಿದು ಕಿವಿಗೊಟ್ಟರಂತೆ. ಮಂಜಿನ ಒಳಗೆ ಎಲ್ಲೋ ನೀರುಕಾಗೆಗಳು ಗೊರಗೊರ ಎನ್ನುತ್ತಿದ್ದವು. ಆ ಸದ್ದನ್ನು ಹಿಡಿದು ಹೋದರು. ತೊಡೆಯ ತನಕ ನೀರು ಬಂದಾಗ ಅಪ್ಪನ ಕೋಲು ಮರಕ್ಕೆ ತಾಗಿತು. ನಿನ್ನ ಹಡಗು, ಮರಿ. ಅರ್ಧ ಮರಳಲ್ಲಿ ಹೂತುಹೋಗಿರುವ ಯಾವ ಕಾಲದ್ದೋ ಹಡಗು. ನೀನು ಬರೆದ ಹಾಗೆಯೇ ಒಂದು ಮೊಂಡು ಕಂಬ, ಒಂದು ಬಾಗಿದ ಕಂಬ. ಬಾಗಿದ್ದರಿಂದಲೇ ನಿನ್ನ ಭಾವನಂಥವರಿಗೂ ಹತ್ತಲು ಬಂತು. ಹಕ್ಕಿಗಳನ್ನು ಎಬ್ಬಿಸಿ ಇಬ್ಬರೂ ಅಡ್ಡಮರದ ಹತ್ತಿರ ಅಪ್ಪಿಕೊಂಡು ಕೂತರು.

ಇತ್ತ ನಾನು ಮಧ್ಯಾಹ್ನದಿಂದ ಕಡಲ ಕಟ್ಟೆಯ ಮೇಲೆ ನಿಂತಿದ್ದೆ. ಖಾಲಿ ದೋಣಿ ತೇಲಿ ಬಂದು ದಡಕ್ಕೆ ತಾಗಿತ್ತು. ಬೀದಿಯೆಲ್ಲ ಅಲ್ಲೇ ನೆರೆದಿತ್ತು. ಮಂಜಿನಲ್ಲಿ ಎಲ್ಲಿ ಹುಡುಕುವುದು ಎಂದು ಮೀನಿನವರು ದೋಣಿ ಸಿದ್ಧ ಮಾಡಿಕೊಂಡು ಕಾಯುತ್ತಿದ್ದರು. ನನ್ನ ಬಗ್ಗೆ ಏನೂ ಕೇಳಬೇಡ. ಬಿಸಿಲು ಬಾಗುವ ಹೊತ್ತಿಗೆ ಮಂಜು ಒಂದೇ ಸಲ ಸರಿಯಿತು. ದಿಬ್ಬದ ಮೇಲೆ ಹಡಗು ನಿಂತಿತ್ತು. ಕಂಬದ ಮೇಲೆ ಎರಡು ಕಪ್ಪು ಆಕಾರಗಳು.

ಎಲ್ಲರ ತಲೆಯೂ ಕೆಳಗೆ ಹೋಯಿತು. ಬಸ್ಸಿನಲ್ಲಿ ಚಿಲ್ಲರೆ ಬೀಳಿಸಿಕೊಂಡವರ ಹಾಗೆ ಬೀದಿಗೆ ಬೀದಿಯೇ ನೆಲ ನೋಡುತ್ತ ನಿಂತಿತು. ನಾನೂ ತಗ್ಗಿಸಿದೆ. ಅಭ್ಯಾಸ ಎಂಥದ್ದು ನೋಡು, ಗಂಡ, ಅಪ್ಪ ಇಬ್ಬರೂ ಕಾಣೆಯಾಗಿರುವಾಗಲೂ ತಗ್ಗಿಸಿದೆ. "ಬಂತು, ಕರ್ಕೊಂಡ್ ಹೋಯ್ತು" ಎಂದು ಯಾರೋ ಅಳತೊಡಗಿದರು. ಆಗ ನಿನ್ನ ಹಕ್ಕಿಗಳ ನೆನಪಾಯಿತು. ನನ್ನ ತಮ್ಮ ನೋಡಿದ್ದಾನೆ, ಅವನಿಗೇನೂ ಆಗಿಲ್ಲ, ಕುರ್ಚಿ ಬಿಗಿಯುತ್ತ ಚೆನ್ನಾಗಿದ್ದಾನೆ ಎಂದುಕೊಂಡು ತಲೆ ಎತ್ತಿದೆ. ಎರಡನೇ ಸಲ ನೋಡಿದೆ.

ಹಕ್ಕಿಯಾದರೆ ಎರಡು ರೆಕ್ಕೆ ಬಿಚ್ಚಬೇಕು. ಇದು ಒಂದನ್ನೇ ಬೀಸುತ್ತಿತ್ತು. ಆ ರೆಕ್ಕೆಗೆ ಎರಡು ಕಾಲಿದ್ದವು. ಮರಿ, ಅದು ನಿನ್ನ ಭಾವನ ಪ್ಯಾಂಟು. ನಾನೇ ಇಸ್ತ್ರಿ ಮಾಡಿ ಕೊಟ್ಟದ್ದು.

"ತಲೆ ಎತ್ರೋ! ಅದು ದೆವ್ವ ಅಲ್ಲ, ನನ್ ಗಂಡ!" ಎಂದು ಕಿರುಚಿದೆ.

ಎದುರುಮನೆ ಅಜ್ಜಿ ತಗ್ಗಿಸಿದ ತಲೆಯನ್ನು ಎತ್ತದೆ, "ಸ್ವಲ್ಪ ವರ್ಷ ಹೋಗ್ಲಿ ಕಣೇ, ಎರಡೂ ಒಂದೇ ಅನ್ಸತ್ತೆ" ಎಂದಳು.

ಯಾರೂ ತಲೆ ಎತ್ತಲಿಲ್ಲ. ಕೊನೆಗೆ ನಾನೇ ಒಬ್ಬೊಬ್ಬರ ಗಲ್ಲ ಹಿಡಿದು ಮೇಲಕ್ಕೆ ಎತ್ತಿದೆ. ಮೊದಲು ಮೀನಿನವರ ಯಜಮಾನನ ಗಲ್ಲ. ಅವನು ಕಣ್ಣು ಮುಚ್ಚಿಕೊಂಡಿದ್ದ, ಬೆನ್ನಿಗೆ ಒಂದು ಗುದ್ದು ಕೊಟ್ಟೆ, ತೆರೆದ. "ಅಯ್ಯೋ, ದೆವ್ವಕ್ಕೆ ಚಡ್ಡಿ ಇದೆಯಲ್ಲೋ!" ಎಂದ. ಅಷ್ಟು ಸಾಕಾಯಿತು. ಎರಡು ದೋಣಿಗಳು ಹೊರಟವು. ಅವು ಮುಟ್ಟುವ ಹೊತ್ತಿಗೆ ನೀರು ಅಪ್ಪನ ಸೊಂಟದ ತನಕ ಬಂದಿತ್ತಂತೆ. ದೀಪ ಹಚ್ಚುವ ಮೊದಲು ಇಬ್ಬರೂ ಮನೆಯಲ್ಲಿದ್ದರು. ನಿನ್ನ ಭಾವ ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ಪ್ಯಾಂಟ್ ನೀರಿಗ್ ಬಿದ್ದೋಯ್ತು ಕಣೇ." ಆಮೇಲೆ ಅವರಿಗೆ ಜ್ವರ ಬಂತು. ಇವತ್ತು ಬಿಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ನಿನಗೆಂದು ನನ್ನಿಂದ ಬರೆಸುತ್ತಿದ್ದಾರೆ. ಹೇಳಿದ ಹಾಗೆಯೇ ಬರೆಯುತ್ತೇನೆ: "ಅದು ಮರಾನೇ. ಉಗುರಲ್ಲಿ ಕೆರೆದು ನೋಡ್ದೆ. ದಿಬ್ಬಣದ್ದೋ ಉಪ್ಪಿಂದೋ ಗೊತ್ತಿಲ್ಲ, ಗಟ್ಟಿ ಮರ. ದೋಣಿ ಮುಂದೆ ನಿಲ್ಲೋಕೆ ಜನ ಬೇಕಾಗಿದೆ. ಈಗಿರೋನಿಗೆ ಗಂಟು ಬರಲ್ಲ."

ಅಕ್ಕ

ಇನ್ನೊಂದು: ಅಪ್ಪ ನಿನ್ನೆ ಹೋಗಿ ಆ ಕಂಬಕ್ಕೆ ಟಾರು ಬಳಿದು ಬಂದಿದ್ದಾರೆ. ದಿಬ್ಬದ ತುದಿಗೆ ಅದೇ ಇನ್ನು ಗುರುತಿನ ಕಂಬವಂತೆ. ದೂರಕ್ಕೆ ಕಾಣಲಿ ಎಂದು ಮೇಲೆ ಕೆಂಪು ಬಟ್ಟೆ ಕಟ್ಟಿದ್ದಾರೆ. ನನ್ನ ಲಂಗ. ಕೇಳಿ ತೆಗೆದುಕೊಂಡದ್ದಲ್ಲ.


ಮಾರ್ಚ್ 30

ಅಕ್ಕಾ,

ಮೊದಲ ಸಾಲು ಓದಿದ ಕೂಡಲೇ ಹತ್ತಿರವಿದ್ದ ಕುರ್ಚಿಯ ಮೇಲೆ ಕೂತೆ. ಅದು ನಾನೇ ಹಸಿ ಅಂಟಿನಲ್ಲಿ ಬಿಚ್ಚಿಟ್ಟಿದ್ದ ಕುರ್ಚಿ. ಕಾಲು ಕಳಚಿ ನೆಲಕ್ಕೆ ಬಿದ್ದೆ. ಬಿದ್ದಲ್ಲೇ ಉಳಿದ ಸಾಲುಗಳನ್ನು ಓದಿದೆ. ಮೇಸ್ತ್ರಿ ಓಡಿ ಬಂದರು.

"ಯಾರಪ್ಪಾ ಹೋದ್ರು?"

"ಯಾರೂ ಇಲ್ಲ."

"ಮತ್ಯಾಕೋ ಅಳ್ತೀಯ?"

"ಯಾರೂ ಹೋಗಿಲ್ಲ, ಅದಕ್ಕೆ."

ಮೇಸ್ತ್ರಿ ನನ್ನನ್ನೂ ಕುರ್ಚಿಯನ್ನೂ ನೋಡಿ, "ಮೊದ್ಲು ಕುರ್ಚಿ ಸರಿ ಮಾಡು, ಆಮೇಲೆ ಊರಿಗ್ ಹೋಗು" ಎಂದರು. ನಾನು ಊರಿಗೆ ಹೋಗುವ ಮಾತೇ ಎತ್ತಿರಲಿಲ್ಲ. ಆ ಕುರ್ಚಿಗೆ ಮತ್ತೆ ಅಂಟು ಹಾಕಿ ಬಿಗಿದಿದ್ದೇನೆ. ಅದು ಒಣಗಿದ ಮೇಲೆ ಹೊರಡುತ್ತೇನೆ.

ಭಾವನಿಗೆ ಹೇಳು, ದೋಣಿಯ ಗಂಟು ನಾನು ಕಲಿಸುತ್ತೇನೆ, ಈಜನ್ನೂ ಕಲಿಸುತ್ತೇನೆ. ಅವರಿಗೆ ಒಂದು ಪ್ಯಾಂಟು ಕೊಂಡಿದ್ದೇನೆ. ಅಳತೆ ಅಂದಾಜಿನದು, ಬಣ್ಣ ಮಾತ್ರ ಬೇಕೆಂದೇ ಹಳದಿ. ಹುಡುಗಿ ಯಾರೂ ಸಿಗಲಿಲ್ಲ, ಕ್ಷಮಿಸು.

ಉಪ್ಪಿನ ಗೋದಾಮಿನ ತಿರುವಿನಲ್ಲಿ ಸಮುದ್ರ ಮೊದಲು ಕಾಣುತ್ತದೆಯಲ್ಲ, ಅಲ್ಲಿ ನಮ್ಮ ಕಡೆಯವರೆಲ್ಲ ದಿಬ್ಬ ಕಾಣದಿರಲಿ ಎಂದು ಮೊದಲೇ ಮಡಿಲು ನೋಡಿಕೊಂಡು ಕೂರುತ್ತಾರೆ. ನಾನು ಬರುವಾಗಲೂ ಹಾಗೇ ಕೂತಿದ್ದೆ. ಈ ಸಲ ಕಿಟಕಿಯ ಪಕ್ಕದ ಸೀಟು ಕೇಳಿ ಹಿಡಿಯುತ್ತೇನೆ. ನಿನ್ನ ಲಂಗ ಕಾಣುವ ತನಕ ನೋಡುತ್ತೇನೆ.

ನಿನ್ನ ತಮ್ಮ